ಕಂಸಾಳೆ: ಕಥನದಿಂದ ಕುಣಿತಕ್ಕೆ

ಚಾಮರಾಜನಗರ, ಮೈಸೂರು, ಮಂಡ್ಯ ಸೀಮೆಗಳಲ್ಲಿ ಮಲೆಯ ಮಾದೇಶ್ವರನ ದೀಕ್ಷೆ ಪಡೆದ ದೇವರಗುಡ್ಡರು ಉಳಿಸಿಕೊಂಡು ಬಂದಿರುವ ಕಂಸಾಳೆಯು ಮೂಲತಃ ಒಂದು ಕಥನ ಪರಂಪರೆ. ಹರಕೆ ಹೊತ್ತ ಮನೆಯವರು ಗುಡ್ಡರನ್ನು ಕರೆಸಿ ಇರುಳೆಲ್ಲ ಕಥೆ ಮಾಡಿಸುವುದು ಇದರ ಸಹಜ ಸಂದರ್ಭ. ಎಡಗೈಯ ಬಟ್ಟಲಿಗೆ ಬಲಗೈಯ ತಾಳವನ್ನು ತಟ್ಟುವ ನಾದವು ಅಲ್ಲಿ ಹಾಡಿಕೆಗೆ ಆಧಾರವೇ ಹೊರತು ತಾನೇ ಪ್ರದರ್ಶನವಲ್ಲ. ಬೀಸು ಕಂಸಾಳೆಯೂ ಈ ಪರಂಪರೆಯ ಒಂದು ಅಂಗವೇ. ಆದರೆ ಇಂದಿನ ಉತ್ಸವಗಳ ವೇದಿಕೆಯಲ್ಲಿ ಅಂಗವೇ ಅಂಗಿಯಾಗಿದೆ. ಮೆರವಣಿಗೆ ಹಾಗೂ ಸ್ಪರ್ಧೆಗಳಿಗೆ ಹೊಂದುವ ಬೀಸು, ನೆಗೆತ, ಮಾನವ ಗೋಪುರಗಳು ಉಳಿದು ಕಥೆ ಹಿಂದೆ ಸರಿದಿದೆ.

ಈ ಪಲ್ಲಟದಿಂದ ಆಗುವ ನಷ್ಟವೇನೆಂಬುದಕ್ಕೆ ಸಂಕಮ್ಮನ ಸಾಲನ್ನು ನೋಡಬಹುದು. ಕಾಡಿಗೆ ಹೊರಟ ಗಂಡ ಆಕೆಯ ಶೀಲದ ಬಗೆಗೆ ಭಾಷೆ ಕೇಳುತ್ತಾನೆ, ಸಂಕಮ್ಮ ಕೊಡುವುದಿಲ್ಲ. ಅದಕ್ಕಾಗಿ ಆಕೆ ಅನುಭವಿಸುವ ಹಿಂಸೆ, ಮಾದೇಶ್ವರನ ಒಲವು, ಕಾರಯ್ಯ–ಬಿಲ್ಲಯ್ಯರ ಜನನ ಇವೆಲ್ಲ ಗಂಟೆಗಟ್ಟಲೆ ಬೆಳೆಯುವ ಹಾಡಿಕೆಯಲ್ಲಿ ಮಾತ್ರ ಅರ್ಥ ಪಡೆಯುತ್ತವೆ. ಅನುಮಾನಕ್ಕೆ ತಲೆಬಾಗದ ಹೆಣ್ಣೊಬ್ಬಳ ನಿಲುವನ್ನು ಊರಿನ ಮುಂದೆ ಇರುಳಿಡೀ ವಿಚಾರಣೆಗಿಡುವ ಶಕ್ತಿ ಕಥನಕ್ಕಿದೆ. ಹತ್ತು ನಿಮಿಷದ ಕುಣಿತಕ್ಕೆ ಆ ಶಕ್ತಿಯಿಲ್ಲ. ಜನಪದರ ವಿವೇಕವನ್ನು ಕಳಚಿಟ್ಟು ಅವರ ಉತ್ಸಾಹವನ್ನಷ್ಟೇ ವೇದಿಕೆಗೆ ತಂದಂತಾಗಿದೆ.

ಪರಂಪರೆಯೆಂದರೆ ಬದಲಾವಣೆಯೇ ಅಲ್ಲವೇ ಎಂಬ ಆಕ್ಷೇಪ ಸಹಜವಾದುದು. ಗುಡ್ಡರೂ ಕಥೆಯನ್ನು ಹಿಗ್ಗಿಸಿ ಕುಗ್ಗಿಸಿ ಹಾಡಿದವರೇ. ಆದರೆ ಅಲ್ಲಿ ಅಳತೆಗೋಲು ಕೇಳುಗರ ಮನಸ್ಸು ಮತ್ತು ಹರಕೆಯ ಸ್ವರೂಪ; ಇಲ್ಲಿ ಅಳತೆಗೋಲು ಗಡಿಯಾರ. ಮೊದಲನೆಯದು ಕಲಾವಿದನ ಆಯ್ಕೆ, ಎರಡನೆಯದು ಸಂಘಟಕನ ಕಟ್ಟಳೆ. ವೇದಿಕೆಯು ಕಲಾವಿದರಿಗೆ ಗೌರವವನ್ನೂ ಸಂಭಾವನೆಯನ್ನೂ ತಂದಿರುವುದು ನಿಜ, ಅದನ್ನು ಅಲ್ಲಗಳೆಯಲಾಗದು. ಸಂಭಾವನೆ ಕುಣಿತಕ್ಕೆ ಮಾತ್ರ ದೊರೆಯುವಾಗ ಎಳೆಯರು ಕಥೆ ಕಲಿಯುವ ಕಷ್ಟಕ್ಕೆ ಏಕೆ ಇಳಿದಾರು ಎಂಬುದೇ ಪ್ರಶ್ನೆ.

ಪಿ.ಕೆ. ರಾಜಶೇಖರ ಅವರಂತಹ ವಿದ್ವಾಂಸರ ಶ್ರಮದಿಂದ ಮಾದೇಶ್ವರ ಕಾವ್ಯವು ಗ್ರಂಥರೂಪದಲ್ಲಿ ಉಳಿದಿದೆ. ಆದರೆ ಗ್ರಂಥವು ಪಠ್ಯವನ್ನು ಕಾಯಬಲ್ಲದು, ಹಾಡುವ ಕಂಠವನ್ನಲ್ಲ. ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಕುಣಿತಕ್ಕೆ ನಿಮಿಷಗಳನ್ನು ಹಂಚುವುದರ ಜೊತೆಗೆ, ವರ್ಷಕ್ಕೆ ಕೆಲವು ಇರುಳುಗಳನ್ನಾದರೂ ಇಡೀ ಸಾಲುಗಳ ಹಾಡಿಕೆಗೆ ಮೀಸಲಿಡಬೇಕು. ಗುರುವಿನ ಬಳಿ ಕಥೆ ಕಲಿಯುವ ಎಳೆಯರಿಗೆ ವೇತನ ನೀಡಬೇಕು. ಹಾಗಾಗದಿದ್ದಲ್ಲಿ ಕಂಸಾಳೆಯ ನಾದ ಉಳಿದೀತು, ಅದು ಯಾವ ಕಥೆಗೆ ತಾಳವಾಗಿತ್ತೆಂಬುದು ಮರೆತುಹೋದೀತು.