ಪಾದಚಾರಿಗಳಿಲ್ಲದ ನಗರ

2005ರಲ್ಲಿ ಬಂದ 'ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್' ಎಂಬ ಕಂಪ್ಯೂಟರ್ ಆಟದ ಹೆಸರೆತ್ತಿದರೆ, ಇಂದು ಮೂವತ್ತೈದರ ಆಸುಪಾಸಿನಲ್ಲಿರುವ ಅನೇಕರ ಕಣ್ಣು ಅರಳುತ್ತದೆ. ಗಂಟೆಗಿಷ್ಟೆಂದು ದುಡ್ಡು ಕೊಟ್ಟು ಸೈಬರ್ ಕೆಫೆಯಲ್ಲಿ ಕೂತವರು, ಗೆಳೆಯರಿಂದ ಸಿ.ಡಿ. ತಂದು ಆಡಿದವರು ನಮ್ಮಲ್ಲೂ ಇದ್ದಾರೆ. ಅಂಥ ಆಟ ಮತ್ತೆ ಬರಲಿಲ್ಲ ಎಂಬುದು ಅವರ ಕೊರಗು. ಈ ಕೊರಗಿನಲ್ಲಿ ಹುರುಳಿದೆಯೇ?

ಖಂಡಿತ ಇದೆ. ಇದೇ ಸರಣಿಯ 'ಅಂಡರ್‌ಗ್ರೌಂಡ್' (2003) ಪೂರ್ತಿ ರಾತ್ರಿಯ ಆಟ. 'ಮೋಸ್ಟ್ ವಾಂಟೆಡ್' ಓಟವನ್ನು ಹಗಲಿಗೆ ತಂದಿತು. ಎಲೆಯುದುರುವ ಕಾಲದ ಹಳದಿ ಬೆಳಕು, ರಾಕ್‌ಪೋರ್ಟ್ ಎಂಬ ಕಲ್ಪನೆಯ ನಗರ, ಬೆನ್ನ ಹಿಂದೆ ಪೊಲೀಸರು. ರೇಜರ್ ಎಂಬವನು ಮೋಸದಿಂದ ಗೆದ್ದು ನಾಯಕನ ಬಿ.ಎಂ.ಡಬ್ಲ್ಯು. ಕಾರನ್ನು ಕಸಿಯುತ್ತಾನೆ. ಹದಿನೈದು ಮಂದಿಯ ಪಟ್ಟಿಯಲ್ಲಿ ಒಬ್ಬೊಬ್ಬರನ್ನೇ ಸೋಲಿಸಿ ಅದನ್ನು ಮರಳಿ ಪಡೆಯಬೇಕು. ಅನ್ಯಾಯಕ್ಕೊಳಗಾದವನ ಕಡೆಗೆ ಮನಸ್ಸು ತಾನಾಗಿಯೇ ವಾಲುತ್ತದೆ. 2012ರಲ್ಲಿ ಅದೇ ಹೆಸರಿನಲ್ಲಿ ಬಂದ ಹೊಸ ಆಟ ನೋಡಲು ಇನ್ನೂ ಚೆನ್ನಾಗಿತ್ತು. ಆದರೆ ಅಲ್ಲಿ ಈ ಕಥೆಯೇ ಇರಲಿಲ್ಲ. ಹೆಚ್ಚಿನ ಕಾರುಗಳು ರಸ್ತೆಬದಿಯಲ್ಲಿ ಸಿದ್ಧವಾಗಿ ನಿಂತಿದ್ದವು. ಗೆದ್ದು ಪಡೆದ ಕಾರಿನ ಮೇಲಿನ ಮಮತೆ ಬಿಟ್ಟಿ ಸಿಕ್ಕಿದ್ದರ ಮೇಲೆ ಹುಟ್ಟುವುದಿಲ್ಲ.

ಆದರೆ ಹಳೆಯದನ್ನು ಹೊಗಳುವವರು ಒಂದು ವಿಷಯವನ್ನು ಗಮನಿಸುವುದಿಲ್ಲ. ರಾಕ್‌ಪೋರ್ಟ್‌ನಲ್ಲಿ ರಸ್ತೆಗಳಿವೆ, ಅಂಗಡಿಗಳಿವೆ, ವಾಹನಗಳಿವೆ. ನಡೆದುಹೋಗುವ ಮನುಷ್ಯ ಮಾತ್ರ ಇಲ್ಲ. ಶಾಲೆಗೆ ಹೊರಟ ಮಗುವಿಲ್ಲ, ರಸ್ತೆ ದಾಟುವ ಮುದುಕನಿಲ್ಲ. ಅಂಗಡಿಯ ಮೇಲಿನ ದೈತ್ಯ ಡೋನಟ್ಟನ್ನು ಬೆನ್ನಟ್ಟಿ ಬರುವ ಪೊಲೀಸ್ ಕಾರುಗಳ ಮೇಲೆ ಉರುಳಿಸಬಹುದು. ಸರ್ಕಾರಕ್ಕೆ ಎಷ್ಟು ನಷ್ಟವಾಯಿತೆಂಬ ಲೆಕ್ಕ ಏರುತ್ತದೆ, ಅದೇ ಆಟಗಾರನ ಸಾಧನೆಯೂ ಆಗುತ್ತದೆ. ಜಜ್ಜಿಹೋದ ಕಾರಿನೊಳಗೆ ಇದ್ದವನಿಗೆ ಏನಾಯಿತು? ಆಟ ಅದನ್ನು ತೋರಿಸುವುದಿಲ್ಲ.

ಇಂಥ ಆಟ ಆಡಿದವರೆಲ್ಲ ರಸ್ತೆಯಲ್ಲಿ ಹುಚ್ಚರಂತೆ ಓಡಿಸುತ್ತಾರೆ ಎನ್ನುವುದು ಸೋಮಾರಿ ವಾದ. ನಾನು ಹೇಳುತ್ತಿರುವುದು ಬೇರೆ. ಆ ವೇಗ ಅಷ್ಟು ಹಿತವಾಗಿದ್ದುದಕ್ಕೆ ಕಾರಣವೇ ಈ ನಿರ್ಜನತೆ. ಆ ಓಟಕ್ಕೆ ಅಡ್ಡ ಬರಲು ಯಾರೂ ಇರಲಿಲ್ಲ, ಮನೆಯಲ್ಲಿ ಕಾಯುವವರೂ ಇರಲಿಲ್ಲ. ನಮ್ಮ ರಸ್ತೆಗಳು ಹಾಗಿಲ್ಲ. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಸುಮಾರು ಐವರಲ್ಲಿ ಒಬ್ಬರು ಪಾದಚಾರಿಗಳು.

ಹಳೆಯ ಆಟವನ್ನು ಪ್ರೀತಿಸುವುದರಲ್ಲಿ ತಪ್ಪಿಲ್ಲ. ಅದು ನಮ್ಮ ಹದಿಹರೆಯದ ಸಂಜೆಗಳ ನೆನಪೂ ಹೌದು. ಆದರೆ ನೆನಪಿಗೂ ಆ ಆಟದ ಗುಣವೇ ಇದೆ: ತನಗೆ ಬೇಡದವರನ್ನು ಅದು ರಸ್ತೆಯಿಂದ ತೆಗೆದುಬಿಡುತ್ತದೆ. ಅಂದು ಹದಿನೈದರ ಹುಡುಗನಾಗಿದ್ದವನು ಇಂದು ಮಗುವಿನ ಕೈಹಿಡಿದು ರಸ್ತೆ ದಾಟುತ್ತಾನೆ. ರಾಕ್‌ಪೋರ್ಟ್‌ನಲ್ಲಿ ಇಲ್ಲದಿದ್ದ ಪಾದಚಾರಿ ಈಗ ಅವನೇ.