ಒಂಬತ್ತರ ಅಂಕ, ಹತ್ತರ ಪಟ್ಟಿ

2021ರ ಜುಲೈ 16ರಂದು ಮಹಾರಾಷ್ಟ್ರದ ಹತ್ತನೆಯ ತರಗತಿಯ ಎಸ್‌ಎಸ್‌ಸಿ ಫಲಿತಾಂಶ ಬಂತು. ಪಾಸಾದವರು ಶೇ. 99.95. ನೂರಕ್ಕೆ ನೂರು ಪಡೆದವರು 957 ಮಂದಿ. ಹಿಂದಿನ ವರ್ಷ ಅಂಥವರು 242 ಇದ್ದರು. ಮುಂಬಯಿಯ ಬೊರಿವಲಿಯ ನಮ್ಮ ಕಟ್ಟಡದಲ್ಲೂ ಅಂದು ಪೇಢೆ ಹಂಚಿದರು. ಪೇಢೆ ಬಾಯಿಗೆ ಹಾಕಿಕೊಂಡ ಹಿರಿಯರೇ ಮೆಟ್ಟಿಲಿಳಿಯುತ್ತ, ‘ಪರೀಕ್ಷೆ ಬರೆಯದೆ ಬಂದ ಮಾರ್ಕು’ ಎಂದು ಆಡಿಕೊಂಡರು. ‘ಕೊರೊನಾ ಬ್ಯಾಚ್’ ಎಂಬ ಹೆಸರು ಆ ಮಕ್ಕಳಿಗೆ ಅಂಟಿದ್ದು ಹಾಗೆ. ಆ ಹೆಸರು ಅನ್ಯಾಯದ್ದು ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಆ ಅಂಕಪಟ್ಟಿಯಲ್ಲಿ ತಪ್ಪಿರುವುದು ನಿಜ. ಆದರೆ ಅದು ಮಕ್ಕಳದಲ್ಲ, ಪಟ್ಟಿ ತಯಾರಿಸಿದ ಸೂತ್ರದ್ದು.

ಪರೀಕ್ಷೆ ರದ್ದು ಮಾಡಿದ್ದೇ ತಪ್ಪು ಎನ್ನುವವರ ಜೊತೆ ನಾನಿಲ್ಲ. 2020ರ ನವೆಂಬರ್ 23ರಿಂದ ರಾಜ್ಯದ ಬೇರೆ ಕಡೆ ಒಂಬತ್ತರಿಂದ ಹನ್ನೆರಡರ ತರಗತಿಗಳು ತೆರೆಯತೊಡಗಿದರೂ ಮುಂಬಯಿ ಪಾಲಿಕೆ ಬಾಗಿಲು ತೆರೆಯಲಿಲ್ಲ. ಇಲ್ಲಿ ಎಂಟರಿಂದ ಹನ್ನೆರಡರ ಮಕ್ಕಳು ಶಾಲೆಗೆ ಮರಳಿದ್ದು 2021ರ ಅಕ್ಟೋಬರ್ 4ಕ್ಕೆ. ಅಂದರೆ 2020–21ರಲ್ಲಿ ಹತ್ತನೆಯ ತರಗತಿ ಓದಿದ ಬೊರಿವಲಿಯ ಮಗುವಿಗೆ ಆ ವರ್ಷದ ತರಗತಿ ಎಂದರೆ ಕೈಯಲ್ಲಿದ್ದ ಫೋನು. ಸೋಂಕು ದಕ್ಷಿಣದ ವಾರ್ಡುಗಳಿಂದ ಉತ್ತರದ ಉಪನಗರಗಳತ್ತ ಸರಿದಾಗ, 2020ರ ಜೂನ್‌ನಲ್ಲಿ ಪಾಲಿಕೆ ‘ಮಿಷನ್ ಝೀರೋ’ ಹೆಸರಿನಲ್ಲಿ ಸಂಚಾರಿ ದವಾಖಾನೆಗಳನ್ನು ಕಳಿಸಿದ ಜಾಗಗಳಲ್ಲಿ ಬೊರಿವಲಿ, ದಹಿಸರ್, ಕಾಂದಿವಲಿ, ಮಲಾಡ್ ಸೇರಿದ್ದವು. ಮುಂದಿನ ಏಪ್ರಿಲ್‌ನಲ್ಲಿ ಎರಡನೆಯ ಅಲೆ. ಆಮ್ಲಜನಕದ ಸಿಲಿಂಡರಿಗಾಗಿ ಮನೆಮಂದಿ ರಾತ್ರಿಯೆಲ್ಲ ಫೋನು ಮಾಡುತ್ತಿದ್ದ ದಿನಗಳವು. ಏಪ್ರಿಲ್ 20ರಂದು ಸರಕಾರ ಎಸ್‌ಎಸ್‌ಸಿ ಪರೀಕ್ಷೆಯನ್ನು ರದ್ದು ಮಾಡಿತು. ಸುಮಾರು 16 ಲಕ್ಷ ಮಕ್ಕಳನ್ನು ಆ ಹೊತ್ತಿನಲ್ಲಿ ಕೇಂದ್ರಗಳಿಗೆ ಕರೆದಿದ್ದರೆ ನಾವು ಯಾರೂ ಕ್ಷಮಿಸುತ್ತಿರಲಿಲ್ಲ.

ತಕರಾರು ಇರುವುದು ಮೇ 28ರ ಆದೇಶದ ಬಗ್ಗೆ. ಪರೀಕ್ಷೆ ರದ್ದು ಮಾಡಿದ್ದರ ಬಗ್ಗೆ ಬಾಂಬೆ ಹೈಕೋರ್ಟ್ ಎತ್ತಿದ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದ ಒತ್ತಡದಲ್ಲಿ ಬಂದ ಆದೇಶ ಅದು. ಪ್ರತಿ ವಿಷಯದ 100 ಅಂಕವನ್ನು ಮೂರು ಪಾಲು ಮಾಡಿದರು. ಹತ್ತರಲ್ಲಿ ಶಾಲೆ ನಡೆಸಿದ ಲಿಖಿತ ಪರೀಕ್ಷೆಗಳಿಗೆ 30, ಮೌಖಿಕ, ಪ್ರಯೋಗ, ಮನೆಪಾಠಗಳಿಗೆ 20, ಒಂಬತ್ತನೆಯ ತರಗತಿಯ ಅಂತಿಮ ಫಲಿತಾಂಶಕ್ಕೆ 50. ಪ್ರತಿ ಶಾಲೆಯಲ್ಲೂ ಮುಖ್ಯೋಪಾಧ್ಯಾಯರ ಅಧ್ಯಕ್ಷತೆಯ ಏಳು ಜನರ ಸಮಿತಿ ಕೂತು ಇದನ್ನು ತುಂಬಬೇಕು. ನೋಡಲು ಅಚ್ಚುಕಟ್ಟಾದ ಲೆಕ್ಕ. ಆದರೆ ಆ 50ರ ಪಾಲನ್ನು ಬಿಡಿಸಿ ನೋಡಿದರೆ ಎದೆ ಝಲ್ಲೆನ್ನುತ್ತದೆ.

ಈ ಮಕ್ಕಳ ಒಂಬತ್ತನೆಯ ತರಗತಿ ನಡೆದದ್ದು 2019–20ರಲ್ಲಿ. ಆ ವರ್ಷದ ಕೊನೆಯ ಪರೀಕ್ಷೆಯೂ ನಡೆದಿರಲಿಲ್ಲ. ಲಾಕ್‌ಡೌನ್ ಬಂದಾಗ ಒಂಬತ್ತು ಮತ್ತು ಹನ್ನೊಂದರ ಎರಡನೆಯ ಸತ್ರದ ಪರೀಕ್ಷೆ ರದ್ದಾಗಿ, ಮೊದಲ ಸತ್ರದ ಅಂಕ ಮತ್ತು ಆಂತರಿಕ ಮೌಲ್ಯಮಾಪನದ ಮೇಲೆ ಮಕ್ಕಳನ್ನು ಮುಂದಕ್ಕೆ ಕಳಿಸಿದ್ದರು. ಹಾಗಾಗಿ 2021ರ ಎಸ್‌ಎಸ್‌ಸಿ ಅಂಕಪಟ್ಟಿಯ ಅರ್ಧಭಾಗ ನಿಂತಿರುವುದು ಬಹುಮಟ್ಟಿಗೆ 2019ರ ದೀಪಾವಳಿಯ ಮೊದಲು ಬರೆದ ಒಂದು ಶಾಲಾ ಪರೀಕ್ಷೆಯ ಮೇಲೆ. ಆಗ ಕೊರೊನಾ ಎಂಬ ಹೆಸರನ್ನೇ ಯಾರೂ ಕೇಳಿರಲಿಲ್ಲ. ಮಹಾಮಾರಿಯ ಕಾಲಕ್ಕೆಂದು ಮಾಡಿದ ಸೂತ್ರ ಮಹಾಮಾರಿಯ ವರ್ಷಕ್ಕಿಂತ ಅದರ ಹಿಂದಿನ ವರ್ಷವನ್ನೇ ಹೆಚ್ಚು ಅಳೆಯಿತು. ನಮ್ಮ ಮಹಡಿಯ ಹುಡುಗಿ ಕೇಳಿದ ಪ್ರಶ್ನೆಗೆ ಇಂದಿಗೂ ನನ್ನ ಬಳಿ ಉತ್ತರವಿಲ್ಲ: “ಅಂಕಲ್, ಒಂಬತ್ತರಲ್ಲಿ ಪಾಸಾದ್ರೆ ಸಾಕು, ಹತ್ತರಲ್ಲಿ ಜೋರಾಗಿ ಓದೋಣ ಅಂತ ಸರ್ರೇ ಹೇಳಿದ್ರು. ಈಗ ಅದನ್ನೇ ಹಿಡ್ಕೊಂಡ್ರೆ ಹೇಗೆ?”

ಅವಳ ಸರ್ ಹೇಳಿದ್ದು ಸುಳ್ಳಲ್ಲ. ನಮ್ಮ ಪ್ರೌಢಶಾಲೆಗಳಲ್ಲಿ ಒಂಬತ್ತರ ಅಂಕಕ್ಕೆ ತನ್ನದೇ ಒಂದು ಜಾಯಮಾನವಿದೆ. ಮಗು ಹತ್ತರಲ್ಲಿ ಉಡಾಫೆ ಮಾಡಬಾರದೆಂದು ಒಂಬತ್ತರಲ್ಲಿ ಬಿಗಿಯಾಗಿ ತಿದ್ದುವ ಮೇಷ್ಟರು ಬಹಳ ಮಂದಿ. ಕಡಿಮೆ ಅಂಕ ಕಂಡು ಮನೆಯವರು ಎಚ್ಚೆತ್ತು ಟ್ಯೂಷನ್ನಿಗೆ ಹಾಕಲಿ ಎಂಬುದು ಅವರ ಉದ್ದೇಶ. ಅದು ಕಾಳಜಿಯಿಂದ ಹುಟ್ಟಿದ ಬಿಗಿ. 2021ರ ಸೂತ್ರದಲ್ಲಿ ಅದೇ ಕಾಳಜಿ ಮಕ್ಕಳಿಗೆ ತಿರುಗುಬಾಣವಾಯಿತು. ಸಡಿಲವಾಗಿ ಅಂಕ ಕೊಟ್ಟ ಶಾಲೆಯ ಮಗು ಮೇಲೆ ಹೋಯಿತು, ಪ್ರಾಮಾಣಿಕವಾಗಿ ತಿದ್ದಿದ ಶಾಲೆಯ ಮಗು ಕೆಳಗುಳಿಯಿತು. ಆದೇಶ ಬರೆದವರು ಒಂದು ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲಿ ಅರ್ಧ ದಿನ ಕೂತಿದ್ದರೂ ಇದು ಗೊತ್ತಾಗುತ್ತಿತ್ತು.

ಇದರ ಪೆಟ್ಟು ಹೆಚ್ಚು ಬಿದ್ದದ್ದು ತಡವಾಗಿ ಎಚ್ಚರಾಗುವ ಮಕ್ಕಳ ಮೇಲೆ. ಮುಂಬಯಿಯ ಕನ್ನಡಿಗರು ಈ ಮಾತನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲರು. ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆ, ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ ಇಂಥವುಗಳಲ್ಲಿ ಓದಿ ಎಸ್‌ಎಸ್‌ಸಿ ಕಟ್ಟಿದವರ ತಲೆಮಾರುಗಳೇ ಇಲ್ಲಿವೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಬೆಂಚಿನ ಮೇಲೆ ತೂಕಡಿಸಿದ ಆ ಹುಡುಗರ ಒಂಬತ್ತರ ಅಂಕ ಯಾರೂ ಎತ್ತಿ ತೋರಿಸುವಂಥದ್ದಾಗಿರಲಿಲ್ಲ. ಹತ್ತರ ಕೊನೆಯ ಮೂರು ತಿಂಗಳು ಧಣಿಯ ಕಾಲು ಹಿಡಿದು ರಜೆ ಪಡೆದು ಓದಿ ಬರೆದ ಆ ಒಂದು ಪರೀಕ್ಷೆ ಅವರನ್ನು ಬ್ಯಾಂಕಿಗೆ, ವಕೀಲಿಗೆ, ಸ್ವಂತ ಹೋಟೆಲಿಗೆ ದಾಟಿಸಿತು. ಬೋರ್ಡು ಪರೀಕ್ಷೆಯಲ್ಲಿ ಎಷ್ಟೇ ದೋಷವಿರಲಿ, ಒಂದು ಗುಣ ಇತ್ತು: ನಿನ್ನೆಯವರೆಗೆ ನೀನು ಏನಾಗಿದ್ದೆ ಎಂದು ಅದು ಕೇಳುತ್ತಿರಲಿಲ್ಲ. 30–20–50ರ ಸೂತ್ರ ಕೇಳಿತು.

2020ರ ಮೇ, ಜೂನ್‌ನಲ್ಲಿ ಹೋಟೆಲುಗಳು ಮುಚ್ಚಿ, ಕೆಲಸದವರು ಊರಿನ ದಾರಿ ಹಿಡಿದದ್ದು ನೆನಪಿರಬಹುದು. ಉಡುಪಿಯಲ್ಲಿ ಇಳಿದವರನ್ನು ಅಲ್ಲಿನ ಶಾಲೆಗಳಲ್ಲೇ ಕ್ವಾರಂಟೈನ್ ಇಟ್ಟರು. ಹಾಗೆ ಮನೆಯವರೊಂದಿಗೆ ಊರಿಗೆ ಹೋದ ಹತ್ತರ ಮಕ್ಕಳು ಮುಂಬಯಿ ಶಾಲೆಯ ಪಾಠವನ್ನು ಅಲ್ಲಿಂದಲೇ, ಸಿಗ್ನಲ್ ಸಿಕ್ಕಲ್ಲಿ ನಿಂತು ಕೇಳಬೇಕಾಯಿತು. ಹತ್ತರ ಪಾಲಿಗೆ ಇಟ್ಟ 30 ಮತ್ತು 20ರಲ್ಲಿ ಈ ಕಷ್ಟಕ್ಕೆ ಯಾವ ಲೆಕ್ಕವೂ ಇರಲಿಲ್ಲ. ಆ ಮೂವತ್ತನ್ನು ಅರುವತ್ತೋ ಎಪ್ಪತ್ತೋ ಮಾಡಿ, ವರ್ಷವಿಡೀ ಆ ಮಗುವಿನ ಜೊತೆ ಹೆಣಗಿದ ಮೇಷ್ಟರ ಸಾಕ್ಷಿಯನ್ನು ನಂಬಬಹುದಿತ್ತು. ಶಿಕ್ಷಕರು ಅಂಕ ಸುರಿಯುತ್ತಾರೆ ಎಂಬ ಭಯದಿಂದ ಹಳೆಯ ವರ್ಷಕ್ಕೆ ಮೊರೆಹೋದರು. ಫಲಿತಾಂಶ 99.95 ಆದದ್ದು ನೋಡಿದರೆ, ಭಯಪಟ್ಟು ಸಾಧಿಸಿದ್ದೇನು?

ಆ 99.95ರ ಬಗ್ಗೆಯೂ ಒಂದು ಮಾತು. 2020ರ ಮಾರ್ಚಿನಲ್ಲಿ ಭೂಗೋಳದ ಪತ್ರಿಕೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಪೆನ್ನು ಹಿಡಿದು ಬರೆದ ಬ್ಯಾಚಿನ ಫಲಿತಾಂಶವೇ ಶೇ. 95.30 ಇತ್ತು. ಪರೀಕ್ಷೆ ಬರೆದ ಆ ವರ್ಷವೂ ನೂರರಲ್ಲಿ ತೊಂಬತ್ತೈದು ಮಂದಿ ಪಾಸಾಗಿದ್ದರು ಎಂಬುದನ್ನು ಪೇಢೆ ತಿಂದು ಆಡಿಕೊಂಡವರು ಮರೆತಿದ್ದರು.

ಅದೇ ವರ್ಷ ಕರ್ನಾಟಕ ಬೇರೆ ದಾರಿ ಹಿಡಿಯಿತು. ಸುರೇಶ್ ಕುಮಾರ್ ಶಿಕ್ಷಣ ಸಚಿವರಾಗಿದ್ದಾಗ ಎಸ್‌ಎಸ್‌ಎಲ್‌ಸಿಯನ್ನು ಜುಲೈ 19 ಮತ್ತು 22, ಎರಡೇ ದಿನಗಳಲ್ಲಿ ನಡೆಸಿದರು. ಒಂದು ದಿನ ಗಣಿತ, ವಿಜ್ಞಾನ, ಸಮಾಜ. ಇನ್ನೊಂದು ದಿನ ಭಾಷೆಗಳು. ವಿಷಯಕ್ಕೆ 40 ಅಂಕ, ಎಲ್ಲವೂ ಬಹು ಆಯ್ಕೆಯ ಪ್ರಶ್ನೆ, ಓಎಂಆರ್ ಹಾಳೆ. ವಿಮರ್ಶಕನಾಗಿ ಹೇಳುವುದಾದರೆ ಅದು ಬಡಕಲು ಪರೀಕ್ಷೆ. ಕನ್ನಡ ಭಾಷೆಯ ಪತ್ರಿಕೆಯಲ್ಲಿ ಮಗು ಒಂದು ವಾಕ್ಯವನ್ನೂ ಸ್ವಂತವಾಗಿ ಬರೆಯದೆ ಹೊರಬಂತು. ಹೆಚ್ಚುಕಡಿಮೆ ಎಲ್ಲರೂ ಪಾಸಾದರು. ಆದರೂ ಆ ಹಾಳೆಯ ಮೇಲಿದ್ದದ್ದು ಆ ವರ್ಷದ ಮಗುವಿನ ಕೈಗುರುತು. ಎರಡನೆಯ ಅಲೆ ಇಳಿಯುವವರೆಗೆ ಕಾದು, ದಿನಗಳನ್ನು ಎರಡಕ್ಕಿಳಿಸಿ, ಮುಗಿಸಿದೆ ಎನ್ನುವ ಹಕ್ಕನ್ನಾದರೂ ಮಕ್ಕಳಿಗೆ ಉಳಿಸಿಕೊಟ್ಟರು. ಮುಂಬಯಿಯ ದಟ್ಟಣೆಯಲ್ಲಿ ಅದು ಸಾಧ್ಯವಿತ್ತೇ ಎಂದು ಕೇಳಬಹುದು. ಜುಲೈಯಲ್ಲಿ ಇಲ್ಲಿ ಲೋಕಲ್ ರೈಲೇ ಸಾಮಾನ್ಯರಿಗೆ ತೆರೆದಿರಲಿಲ್ಲ. ನನ್ನ ಉತ್ತರ: ಮಗು ನಡೆದುಹೋಗುವಷ್ಟು ಹತ್ತಿರದ ತನ್ನದೇ ಶಾಲೆಯಲ್ಲಿ ಸಾಧ್ಯವಿತ್ತು.

ನಮ್ಮ ಸರಕಾರ ಅದರ ಬದಲು ಹನ್ನೊಂದನೆಯ ತರಗತಿಯ ಪ್ರವೇಶಕ್ಕೆ ಸಿಇಟಿ ತಂದಿತು. ಆಗಸ್ಟ್ 21ಕ್ಕೆ, 100 ಅಂಕದ, ಐಚ್ಛಿಕ ಎಂದು ಹೆಸರಿಟ್ಟ ಪರೀಕ್ಷೆ. ಬರೆಯದವರಿಗೆ ಬರೆದವರ ನಂತರವೇ ಸೀಟು ಎಂದ ಮೇಲೆ ಐಚ್ಛಿಕ ಎಲ್ಲಿಯದು? ಆಗಸ್ಟ್ 10ರಂದು ಬಾಂಬೆ ಹೈಕೋರ್ಟ್ ಅದನ್ನು ರದ್ದುಗೊಳಿಸಿತು. ಮಕ್ಕಳು ಎರಡೂವರೆ ತಿಂಗಳು ಪುಸ್ತಕ ತೆರೆದಿಟ್ಟು ಕಾದದ್ದು ನೀರುಪಾಲಾಯಿತು. ಹತ್ತನ್ನು ಮುಗಿಸಲೂ ಬಿಡದೆ, ಹನ್ನೊಂದನ್ನು ಶುರುಮಾಡಲೂ ಬಿಡದೆ ನಡುವೆ ತೂಗಿಸಿದ ಆ ಬೇಸಿಗೆ ಮತ್ತು ಮಳೆಗಾಲ, ನನ್ನ ಲೆಕ್ಕದಲ್ಲಿ, ಇಡೀ ಪ್ರಕರಣದ ಅತ್ಯಂತ ಕೆಟ್ಟ ಭಾಗ.

ಮುಂದಿನ ವರ್ಷದ ವ್ಯವಸ್ಥೆಯನ್ನು ಮಾತ್ರ ಮನಸಾರೆ ಹೊಗಳಬೇಕು. 2022ರ ಮಾರ್ಚ್ 15ರಿಂದ ಏಪ್ರಿಲ್ 4ರವರೆಗೆ ಲಿಖಿತ ಪರೀಕ್ಷೆ ನಡೆಯಿತು. ಪಠ್ಯ ಕಾಲುಭಾಗ ಕಡಿತ, ದೊಡ್ಡ ಪತ್ರಿಕೆಗಳಿಗೆ ಅರ್ಧ ಗಂಟೆ ಹೆಚ್ಚು. ಎಲ್ಲಕ್ಕಿಂತ ಮಿಗಿಲಾಗಿ ಹದಿನೈದಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಯೇ ಪರೀಕ್ಷಾ ಉಪಕೇಂದ್ರ. ಎರಡು ವರ್ಷ ಬರೆಯುವ ರೂಢಿಯೇ ತಪ್ಪಿ ಬೆರಳು ನೋಯುತ್ತಿದ್ದ ಮಕ್ಕಳಿಗೆ ಆ ಅರ್ಧ ಗಂಟೆ ದೊಡ್ಡದು. ಇನ್ನು ಸ್ವಂತ ಶಾಲೆಯ ಬೆಂಚು. ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳೇ ಬೆರಳೆಣಿಕೆಯಷ್ಟು. ರಾಜ್ಯದ ಪರೀಕ್ಷಾ ಮಂಡಳಿ ಎಂಟು ಮಾಧ್ಯಮಗಳಲ್ಲಿ ಕನ್ನಡವನ್ನೂ ಇಟ್ಟುಕೊಂಡಿದ್ದರೂ, ಆ ಮಕ್ಕಳು ಪರೀಕ್ಷೆಗೆ ದೊಡ್ಡ ಶಾಲೆಯೊಂದರ ಮೂಲೆಯ ಕೋಣೆಗೆ ಹೋಗುವುದು ವಾಡಿಕೆ. ಪರಿಚಿತ ಗೋಡೆಗಳ ನಡುವೆ ಬರೆಯುವ ಧೈರ್ಯವನ್ನು ಆ ಒಂದು ವರ್ಷ ಕೊಟ್ಟಿತು. ನಕಲು ಹೆಚ್ಚಿತು ಎಂಬ ದೂರಿಗೆ ಹೊರಗಿನ ಮೇಲ್ವಿಚಾರಕರನ್ನು ಕಳಿಸಿದರೆ ಮುಗಿಯಿತು. 2023ಕ್ಕೆ ಮಂಡಳಿ ಪೂರ್ತಿ ಪಠ್ಯದ ಜೊತೆಗೆ ಪರ ಕೇಂದ್ರಗಳನ್ನೂ ಮರಳಿ ತಂದಿತು. ಪಠ್ಯ ಮರಳಿದ್ದು ಸರಿ. ಕೇಂದ್ರ ಮರಳಬೇಕಿರಲಿಲ್ಲ.

‘ಕೊರೊನಾ ಬ್ಯಾಚ್’ ತನ್ನ ಜೀವನದ ಮೊದಲ ಬೋರ್ಡು ಪರೀಕ್ಷೆ ಬರೆದದ್ದು ಆ 2023ರಲ್ಲೇ, ಹನ್ನೆರಡನೆಯ ತರಗತಿಯ ಎಚ್‌ಎಸ್‌ಸಿಯಲ್ಲಿ. ಪೂರ್ತಿ ಪಠ್ಯ, ಬೇರೆ ಕೇಂದ್ರ, ಹೆಚ್ಚುವರಿ ಅರ್ಧ ಗಂಟೆಯಿಲ್ಲ. ಫಲಿತಾಂಶ ಶೇ. 91.25. ಮಹಾಮಾರಿ ಬರುವ ಮೊದಲು ಓದಿ ಬರೆದ 2020ರ ಎಚ್‌ಎಸ್‌ಸಿಯದು 90.66. ಪರೀಕ್ಷೆಯಿಲ್ಲದೆ ಪಾಸಾದವರೆಂದು ಹಂಗಿಸಿದವರಿಗೆ ಈ ಎರಡು ಅಂಕಿಗಳು ಸಾಕು. ಆದರೆ ಹನ್ನೆರಡರ ಬಾಗಿಲಿನವರೆಗೆ ಬಂದವರನ್ನಷ್ಟೇ ಈ ಶೇಕಡಾ ಎಣಿಸುತ್ತದೆ. 2021ರಲ್ಲಿ ಉತ್ತೀರ್ಣ ಎಂದು ಅಚ್ಚಾಗಿ, ಊರಿನ ಅಂಗಡಿಗೋ ಇಲ್ಲಿನ ಹೋಟೆಲಿಗೋ ಸೇರಿ ಮತ್ತೆ ಪುಸ್ತಕ ಹಿಡಿಯದವರು ಎಷ್ಟು, ಅವರಲ್ಲಿ ಕನ್ನಡ ಮಾಧ್ಯಮದವರು ಎಷ್ಟು, ಯಾವ ವಾರ್ಡಿನವರು ಎಂಬುದು ಬೇರೆ ಲೆಕ್ಕ. 2021ರ ಎಸ್‌ಎಸ್‌ಸಿ ಪಟ್ಟಿಯೂ 2023ರ ಎಚ್‌ಎಸ್‌ಸಿ ಪಟ್ಟಿಯೂ ಒಂದೇ ಮಂಡಳಿಯ ಕೈಯಲ್ಲಿವೆ. ಹೆಸರು ಹೆಸರಿಗೆ ಹೋಲಿಸಿ ಆ ಲೆಕ್ಕವನ್ನು ಮಂಡಳಿ ಪ್ರಕಟಿಸಲಿ.