ಮೂರು ದಿನದ ಗಡುವು

ಬೇಸಿಗೆ ರಜೆಗೆ ಬಂದಿದ್ದ ಮಗಳು ಒಂದು ಸಂಜೆ ಚಳ್ಳಕೆರೆಯ ನಮ್ಮ ಮನೆಯಲ್ಲಿ ನನ್ನನ್ನು ಕೂರಿಸಿಕೊಂಡು ‘ಸೈನೈಡ್’ ಸಿನಿಮಾ ತೋರಿಸಿದಳು. ಎ.ಎಂ.ಆರ್. ರಮೇಶ್ ನಿರ್ದೇಶನದ 2006ರ ಕನ್ನಡ ಚಿತ್ರ ಅದು. ಬಂದಾಗಲೇ ನೋಡಬೇಕಿತ್ತು, ಸಂಸಾರ, ಶಾಲೆ ಎಂದು ತಪ್ಪಿಹೋಗಿತ್ತು.

ಕಥೆ ನಮಗೆಲ್ಲ ಗೊತ್ತಿರುವುದೇ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಅವರ ಜೊತೆಗೆ ಬಂದೋಬಸ್ತಿನ ಪೊಲೀಸರು, ಸಭೆಗೆ ಬಂದ ಸಾಮಾನ್ಯರೂ ಸತ್ತರು. ಸಂಚಿನ ಮುಂದಾಳು ಶಿವರಾಸನ್ ಮತ್ತು ಶುಭಾ ಸಂಗಡಿಗರೊಂದಿಗೆ ಬೆಂಗಳೂರಿಗೆ ಬಂದು ಕೋಣನಕುಂಟೆಯ ಒಂದು ಮನೆಯಲ್ಲಿ ಅಡಗಿದರು. ಆಗಸ್ಟ್ 20ರ ಬೆಳಿಗ್ಗೆ ಕಮಾಂಡೊಗಳು ಒಳನುಗ್ಗುವ ಹೊತ್ತಿಗೆ ಎಲ್ಲರೂ ಹೆಣವಾಗಿದ್ದರು.

ಆಗ ನಾನು ಚಿತ್ರದುರ್ಗದಲ್ಲಿ ಬಿ.ಎಡ್. ಓದುತ್ತಿದ್ದೆ. ಹಾಸ್ಟೆಲಿನಲ್ಲಿ ಒಂದೇ ಪೇಪರನ್ನು ಹತ್ತು ಜನ ಹಂಚಿಕೊಂಡು ಓದುತ್ತಿದ್ದೆವು. “ಉಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ ನೇಣು ಹಾಕಬೇಕು, ಕೋರ್ಟು ಯಾಕೆ?” ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ನಾನೇ. ಸಿನಿಮಾ ನೋಡುತ್ತಾ ನನ್ನ ಆ ದನಿಯೇ ಕಿವಿಗೆ ಬೀಳುತ್ತಿತ್ತು.

ಚಿತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ಮನೆಯೊಡತಿಯ ಪಾತ್ರದ ತಾರಾ. ಗಂಡ ಯಾರನ್ನೋ ಮನೆಗೆ ಕರೆತರುತ್ತಾನೆ. ಬಂದವರಿಗೆ ಬೇಯಿಸಿ ಹಾಕುವುದು ಹೆಂಗಸಿನ ಪಾಲು. ಅವರು ಯಾರೆಂದು ಕೇಳುವ ಹಕ್ಕು ಮಾತ್ರ ಅವಳಿಗಿಲ್ಲ. ಈ ಸಂಕಟ ನಮಗೆ ಹೊಸದೇ? ಬಂದೂಕಿನ ಭಯಕ್ಕಿಂತ ಈ ಅಸಹಾಯಕತೆಯನ್ನು ತಾರಾ ಮುಖದಲ್ಲೇ ತೋರಿಸುತ್ತಾರೆ. ಶುಭಾಳಾಗಿ ಮಾಳವಿಕಾ ಕೂಡ ನೆನಪಿನಲ್ಲಿ ಉಳಿಯುತ್ತಾರೆ.

ಆದರೂ ಸಿನಿಮಾ ಮುಗಿದ ಮೇಲೆ ನನಗೆ ಎರಡು ಕೊರತೆ ಕಂಡವು. ಮೊದಲನೆಯದು, ಈ ಜನ ಎಲ್ಲಿಂದ ಬಂದರು ಎಂಬುದು. ಚಿತ್ರದ ಗಮನವೆಲ್ಲ ಕೊನೆಯ ದಿನಗಳ ಬೆನ್ನಟ್ಟುವಿಕೆಯ ಮೇಲೆ. ಅದರ ಹಿಂದೆ ಒಂದು ಯುದ್ಧವಿತ್ತು. ಅದರಲ್ಲಿ ನಾವೂ ಇದ್ದೆವು. 1987ರ ಜುಲೈ 29ರ ಒಪ್ಪಂದದ ಪ್ರಕಾರ ನಮ್ಮ ಸೈನ್ಯ ‘ಶಾಂತಿಪಾಲನಾ ಪಡೆ’ ಎಂಬ ಹೆಸರಿನಲ್ಲಿ ಶ್ರೀಲಂಕಾಕ್ಕೆ ಹೋಯಿತು. ಅಕ್ಟೋಬರ್ ಹೊತ್ತಿಗೆ ಎಲ್‌.ಟಿ.ಟಿ.ಇ. ಜೊತೆ ಕಾದಾಟವೇ ಶುರುವಾಯಿತು. ಅದೇ ತಿಂಗಳು ಜಾಫ್ನಾ ಆಸ್ಪತ್ರೆಯೊಳಗೆ ನಮ್ಮವರ ಗುಂಡಿಗೆ ರೋಗಿಗಳು, ವೈದ್ಯರು, ದಾದಿಯರು ಬಲಿಯಾದರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಹಿಂತಿರುಗುವ ಹೊತ್ತಿಗೆ ನಮ್ಮ ಸುಮಾರು 1,200 ಯೋಧರೂ ಸತ್ತಿದ್ದರು.

ನಮ್ಮ ಬೀದಿಯಲ್ಲಿ ಆ ಪಡೆಯಲ್ಲಿದ್ದು ಬಂದ ಒಬ್ಬರಿದ್ದರು. ನಿವೃತ್ತರಾದ ಮೇಲೆ ಎಣ್ಣೆ ಮಿಲ್ಲಿನಲ್ಲಿ ಕಾವಲು ಕೆಲಸ ಮಾಡುತ್ತಿದ್ದರು. ಲಂಕೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಒಮ್ಮೆ ಮಾತ್ರ, “ಹೋದಾಗ ಹಾರ ಹಾಕಿದ್ರು ಮೇಡಂ. ಮೂರು ತಿಂಗಳಿಗೆ ನಮ್ಮನ್ನ ಕಂಡ್ರೆ ಮಕ್ಕಳನ್ನ ಒಳಗೆ ಎಳ್ಕೊಂಡು ಬಾಗ್ಲು ಹಾಕ್ತಿದ್ರು” ಎಂದಿದ್ದರು. ಇದರಿಂದ ಶ್ರೀಪೆರಂಬುದೂರಿನ ಕೊಲೆ ಸರಿ ಎಂದಾಗುವುದಿಲ್ಲ, ಖಂಡಿತ ಇಲ್ಲ. ಆದರೆ ಆ ಬಾಗಿಲನ್ನು ತೋರಿಸದೆ ಕೋಣನಕುಂಟೆಯ ಬಾಗಿಲನ್ನು ಮಾತ್ರ ತೋರಿಸಿದರೆ ಅರ್ಧ ಕಥೆಯಾಗುತ್ತದೆ.

ಎರಡನೆಯ ಕೊರತೆ, ಚಿತ್ರ ಸಾವಿನೊಂದಿಗೆ ಮುಗಿಯುವುದು. ನಿಜವಾದ ಪ್ರಶ್ನೆ ಹುಟ್ಟಿದ್ದು ಆಮೇಲೆ. 1998ರ ಜನವರಿಯಲ್ಲಿ ಟಾಡಾ ನ್ಯಾಯಾಲಯ 26 ಆರೋಪಿಗಳಿಗೂ ಗಲ್ಲು ವಿಧಿಸಿತು. ಕೋಣನಕುಂಟೆಯಲ್ಲಿ ಆಶ್ರಯ ಕೊಟ್ಟ ಗೃಹಸ್ಥನೂ ಅದರಲ್ಲಿ ಒಬ್ಬ. 1999ರ ಮೇನಲ್ಲಿ ಸುಪ್ರೀಂ ಕೋರ್ಟು ನಾಲ್ವರಿಗೆ ಮಾತ್ರ ಗಲ್ಲು ಖಾಯಂ ಮಾಡಿ, ಮೂವರಿಗೆ ಜೀವಾವಧಿ ಎಂದಿತು. ಉಳಿದ 19 ಜನ ಕೊಲೆಯ ಸಂಚಿನ ಅಪರಾಧಿಗಳಲ್ಲ, ಬೇರೆ ಸಣ್ಣ ತಪ್ಪುಗಳಿಗೆ ಅನುಭವಿಸಿದ ಜೈಲೇ ಸಾಕು ಎಂದು ಬಿಟ್ಟಿತು. ಹಾಸ್ಟೆಲಿನ ಹುಡುಗಿ ಕೇಳಿದಂತೆ ಆಗಿದ್ದರೆ ಈ ಹತ್ತೊಂಬತ್ತು ಜನರ ಗತಿ ಏನು?

ನಾಲ್ವರಲ್ಲಿ ಒಬ್ಬಳು ನಳಿನಿ. ಅವಳ ಮಗು ಹುಟ್ಟಿದ್ದೇ ಸೆರೆಯಲ್ಲಿ. ನ್ಯಾಯಮೂರ್ತಿ ಕೆ.ಟಿ. ಥಾಮಸ್ ಆ ಮಗು ಅನಾಥವಾಗಬಾರದೆಂದು ಅವಳ ಗಲ್ಲಿಗೆ ಒಪ್ಪಲಿಲ್ಲ. ಇನ್ನಿಬ್ಬರು ನ್ಯಾಯಮೂರ್ತಿಗಳು ಒಪ್ಪಿದರು. ಕೊನೆಗೆ ಗಂಡನನ್ನು ಕಳೆದುಕೊಂಡ ಸೋನಿಯಾ ಗಾಂಧಿಯವರೇ ದಯೆ ಕೋರಿದರು. 2000ದಲ್ಲಿ ಅವಳ ಶಿಕ್ಷೆ ಜೀವಾವಧಿಗೆ ಇಳಿಯಿತು. ಉಳಿದ ಮೂವರ ದಯಾ ಅರ್ಜಿ 11 ವರ್ಷ ಕೊಳೆಯಿತೆಂದು 2014ರಲ್ಲಿ ಸುಪ್ರೀಂ ಕೋರ್ಟು ಅವರ ಗಲ್ಲನ್ನೂ ತೆಗೆಯಿತು. 2022ರಲ್ಲಿ ಏಳೂ ಜನ ಹೊರಬಂದರು.

ನಾನು ಪಾಠ ಮಾಡುವುದು ಮೊಳಕಾಲ್ಮೂರಿನಲ್ಲಿ. ದಿನಾ ಬಸ್ಸಿನಲ್ಲಿ ತಳಕು, ಹಾನಗಲ್ ದಾಟಿ ಹೋಗುತ್ತೇನೆ. ಪ್ರತಿ ವರ್ಷ ಮಕ್ಕಳನ್ನು ಸಿದ್ದಾಪುರದ ಹತ್ತಿರದ ಬ್ರಹ್ಮಗಿರಿಗೆ ಕರೆದೊಯ್ದು ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನ ತೋರಿಸುತ್ತೇನೆ. ತಂದೆತಾಯಿಗೆ ವಿಧೇಯರಾಗಿರಿ, ಪ್ರಾಣಿಗಳಲ್ಲಿ ದಯೆಯಿಡಿ, ಸತ್ಯ ನುಡಿಯಿರಿ ಎನ್ನುತ್ತದೆ ಆ ಬಂಡೆ. ಉತ್ತರದ ಕಂಬಗಳ ಮೇಲೆ ಅದೇ ಅರಸ ಇನ್ನೊಂದು ಮಾತು ಬರೆಸಿದ್ದಾನೆ: ಮರಣದಂಡನೆ ಆದವರಿಗೆ ಮೂರು ದಿನದ ಗಡುವು ಕೊಟ್ಟಿದ್ದೇನೆ, ಬಂಧುಗಳು ಅವರ ಜೀವಕ್ಕಾಗಿ ಬೇಡಿಕೊಳ್ಳಲಿ ಎಂದು. ಪರರ ನಾಡಾದ ಕಳಿಂಗಕ್ಕೆ ನುಗ್ಗಿ ಗೆದ್ದು ಪಶ್ಚಾತ್ತಾಪಪಟ್ಟವನೂ ಗಲ್ಲನ್ನು ಬಿಡಲಿಲ್ಲ, ಗಡುವು ಮಾತ್ರ ಕೊಟ್ಟ. ಕಳೆದ ಸಲ ಏಳನೇ ತರಗತಿಯ ಹುಡುಗಿಯೊಬ್ಬಳು, “ಮೂರು ದಿನ ಆದ್ಮೇಲೆ ತಪ್ಪು ಅಂತ ಗೊತ್ತಾದ್ರೆ ಏನ್ ಮಾಡ್ತಿದ್ರು ಮೇಡಂ?” ಎಂದು ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ.

ಸಿನಿಮಾ ಮುಗಿದಾಗ ನನ್ನ ಮಗಳು ಕೇಳಿದ್ದು ಬೇರೆ: “ಹಾಗಾದ್ರೆ ಸತ್ತವರಿಗೆ ನ್ಯಾಯ ಬೇಡ್ವಾ ಅಮ್ಮ?” ಬೇಕು. ಮೂವತ್ತೊಂದು ವರ್ಷದ ಸೆರೆ ಶಿಕ್ಷೆಯಲ್ಲವೆಂದು ಯಾರೂ ಹೇಳಲಾರರು. ಸೆರೆಯ ಬಾಗಿಲನ್ನು ತೆರೆಯಬಹುದು, ನೇಣಿನ ಕುಣಿಕೆಯನ್ನು ಬಿಚ್ಚಿ ಜೀವ ತರಲಾಗದು. ಆ ಹತ್ತೊಂಬತ್ತು ಜನರನ್ನು ನೆನೆದರೆ ನನಗೆ ಬೇರೆ ವಾದ ಬೇಕೆನಿಸುವುದಿಲ್ಲ.

‘ಸೈನೈಡ್’ ಅನ್ನು ನೋಡಿ, ತಾರಾ ಅವರಿಗಾಗಿಯಾದರೂ ನೋಡಿ. ಮನೆಯಲ್ಲಿ ದೊಡ್ಡ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ. ಮುಗಿದ ಮೇಲೆ ಅವರು ಕೇಳುವುದಕ್ಕೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ. ಸಿನಿಮಾ ಬಿಟ್ಟ ಕಥೆಯನ್ನು ನೀವೇ ಹೇಳಬೇಕಾಗುತ್ತದೆ.